ಕುದಿಯುವ ಸೂಪು, ತೆಳು ಕವರು

ತೈವಾನಿನ ನಮ್ಮ ಜಿಯಾಯಿ ಊರಿನ ಸಂತೆಬೀದಿಯಲ್ಲಿ ಲಾನ್‌ಯಿಂಗ್ ಮೀನುಂಡೆ ಸೂಪು ಮಾರಲು ಕೂತು ಮೂವತ್ತು ವರ್ಷವಾಯಿತು. ಬೆಳಗ್ಗೆ ಆರಕ್ಕೆ ಹಂಡೆ ಕುದಿಯುತ್ತದೆ. ಸೂಪು ಸೌಟಿನಿಂದ ಸೀದಾ ತೆಳು ಪ್ಲಾಸ್ಟಿಕ್ ಕವರಿಗೆ ಇಳಿಯುತ್ತದೆ, ಬಾಯಿಗೆ ರಬ್ಬರ್ ಬ್ಯಾಂಡ್ ಬೀಳುತ್ತದೆ. ಅದನ್ನು ಬೆರಳಿಗೆ ನೇತುಹಾಕಿಕೊಂಡು ಊರೆಲ್ಲ ಕೆಲಸಕ್ಕೆ ಹೋಗುತ್ತದೆ. ನಾನೂ ಆ ಸಾಲಿನವಳೇ.

ಹೋದ ವರ್ಷ ಲಾನ್‌ಯಿಂಗಳ ಸೊಸೆ ವಾನ್‌ರು ಎರಡನೇ ಸಲ ಬಸುರಿಯಾದಳು. ಗರ್ಭ ಕಾಯುವ ದೇವರು ಈ ತಿಂಗಳುಗಳಲ್ಲಿ ಮನೆಯಲ್ಲೇ ಓಡಾಡುತ್ತಾನೆಂದು ನಮ್ಮಲ್ಲಿ ನಂಬಿಕೆ. ಅವನಿಗೆ ನೋವಾಗಬಾರದೆಂದು ಅತ್ತೆ ಕಾನೂನು ಹೊರಡಿಸಿದಳು. ಮಂಚ ಸರಿಸಬಾರದು. ಹಾಸಿಗೆಯ ಮೇಲೆ ಕತ್ತರಿ ಹಿಡಿಯಬಾರದು. ಗೋಡೆಗೆ ಮೊಳೆ ಹೊಡೆಯಬಾರದು. ಮಗ ಝಿಹೊಂಗ್ ತಂದ ಹೊಸ ಗಡಿಯಾರ ನೆಲದ ಮೇಲೆಯೇ ಉಳಿಯಿತು. ಗಂಟೆ ಎಷ್ಟೆಂದು ನೋಡಲು ಮನೆಮಂದಿಯೆಲ್ಲ ಬಗ್ಗುತ್ತಿದ್ದರು.

ಅತ್ತೆಯ ಭಯಕ್ಕೆ ಕಾರಣವಿತ್ತು. ಮೊದಲ ಮೊಮ್ಮಗ ಯೊಂಗ್‌ಲೆ ಹುಟ್ಟಿದಾಗ ಅವನ ಒಂದು ಬೀಜ ಕೆಳಗೆ ಇಳಿದಿರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಸರಿಪಡಿಸಿದರು. ಹುಡುಗನಿಗೆ ಆಗ ಮೂರು ವರ್ಷ. ಸಂತೆಯ ಬಾತುಕೋಳಿಗಳನ್ನು ಅಟ್ಟಿಸಿಕೊಂಡು ಓಡುತ್ತಿದ್ದ. ಅತ್ತೆಯ ತೀರ್ಪು ಮಾತ್ರ ಬದಲಾಗಿರಲಿಲ್ಲ.

"ಮಂಚದ ಮೇಲೆ ಕೂತು ಬಟ್ಟೆ ಕತ್ತರಿಸಿದ್ಯಲ್ಲ, ಅದಕ್ಕೇ ಹಾಗಾಗಿದ್ದು."

ವಾನ್‌ರು ಈ ಮಾತನ್ನು ಮೂರು ವರ್ಷ ನುಂಗಿಕೊಂಡಳು.

ಹತ್ತನೇ ವಾರದಲ್ಲಿ ಆರೋಗ್ಯ ಕೇಂದ್ರದ ಶಾವೊ ನರ್ಸಮ್ಮ ಅಂಗಡಿಯ ಹತ್ತಿರ ಬಂದಳು. ವಾನ್‌ರು ಬಿಸಿ ಕವರಿಗೆ ಸ್ಟ್ರಾ ಚುಚ್ಚಿ ಸೂಪು ಹೀರುತ್ತಿದ್ದಳು.

"ದಿನಾ ಹೀಗೇ ಕುಡೀತೀಯೇನಮ್ಮಾ?"

"ನಾನೇ ಕೊಡೋದು," ಎಂದಳು ಲಾನ್‌ಯಿಂಗ್. "ಮೀನು ತಿಂದ್ರೆ ಮಗು ಚೂಟಿಯಾಗುತ್ತೆ."

"ಮೀನು ಸರೀನೇ ಅಕ್ಕಾ. ಕವರು ಸರಿ ಇಲ್ಲ."

"ಕವರನ್ನ ಯಾರು ತಿಂತಾರೆ?"

ಸಾಲೆಲ್ಲ ನಕ್ಕಿತು. ನರ್ಸಮ್ಮನೂ ನಕ್ಕಳು. "ನಾವೇ, ಚೂರು ಚೂರು. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಕೆಲವಕ್ಕೆ ರಾಸಾಯನಿಕ ಸೇರಿಸ್ತಾರೆ. ಅದು ಅಲ್ಲೇ ಕೂರಲ್ಲ. ಬಿಸಿ ತಾಗಿದ್ರೆ, ಎಣ್ಣೆ ಸಿಕ್ಕಿದ್ರೆ ಊಟಕ್ಕೆ ಇಳಿಯುತ್ತೆ. ಯಾವ ಕವರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ."

"ಮೂವತ್ತು ವರ್ಷದಿಂದ ಕುಡೀತಿದೀನಿ. ಎತ್ತಿನ ಹಾಗಿದೀನಿ, ನೋಡು!"

"ಎತ್ತಾದ್ರೂ ಹೇಳಿದ್ ಮಾತು ಕೇಳುತ್ತೆ," ಎಂದರು ಸಾಲಿನಲ್ಲಿದ್ದ ಗುವೊ ಮಾಮ. ಬಸ್ಸು ಓಡಿಸಿ ನಿವೃತ್ತರಾದವರು. ಬಾಯಿಗೆ ಮಾತ್ರ ಬ್ರೇಕಿಲ್ಲ.

"ನಿಮ್ಮ ಮೈ ಬೆಳೆದಾಯ್ತು ಅಕ್ಕಾ," ಎಂದಳು ನರ್ಸಮ್ಮ. "ಹೊಟ್ಟೇಲಿರೋ ಕೂಸು ಈಗಿನ್ನೂ ಕಟ್ತಾ ಇದೆ. ಹೆಚ್ಚುಕಮ್ಮಿ ಎಂಟರಿಂದ ಹದಿನಾಲ್ಕನೇ ವಾರ ಅಂದ್ರೆ, ಗಂಡು ಮಗುವಿನ ಗುಪ್ತಾಂಗ ರೂಪ ತಗೊಳ್ಳೋ ಕಾಲ. ಹಾರ್ಮೋನು ಅಂದ್ರೆ ಮೇಸ್ತ್ರಿ ಇದ್ದ ಹಾಗೆ. ಇಲ್ಲಿ ಕಟ್ಟು, ಅದನ್ನ ಕೆಳಗಿಳಿಸು ಅಂತ ಹೇಳ್ತಿರುತ್ತೆ. ಈ ರಾಸಾಯನಿಕ ಹೋಗಿ ಮೇಸ್ತ್ರಿ ಮಾತಿಗೆ ಅಡ್ಡ ಬಾಯಿ ಹಾಕುತ್ತೆ."

"ಹೆಣ್ಣಾದ್ರೆ?" ಎಂದಳು ವಾನ್‌ರು.

"ಅವಳ ಗರ್ಭಕೋಶ, ಅಂಡಾಶಯ ಕಟ್ಟೋದೂ ಹೊಟ್ಟೆ ಒಳಗೇನೇ. ಅದಕ್ಕೂ ಎಚ್ಚರ ಬೇಕು."

ಲಾನ್‌ಯಿಂಗಳ ಸೌಟು ನಿಂತಿತು. ಅವಳು ದನಿ ತಗ್ಗಿಸಿದಳು. ಕೇಳಿಸಿಕೊಳ್ಳಲು ಸಾಲೆಲ್ಲ ಮುಂದಕ್ಕೆ ವಾಲಿತು.

"ಹಾಗಾದ್ರೆ... ನಮ್ಮ ಯೊಂಗ್‌ಲೆಗೆ ಆಗಿದ್ದು?"

"ಒಂದು ಮಗುವಿಗೆ ಯಾಕಾಯ್ತು ಅಂತ ಯಾವ ಡಾಕ್ಟರೂ ಬೆರಳಿಟ್ಟು ತೋರ್ಸಕ್ಕಾಗಲ್ಲ. ಎಷ್ಟೋ ಸಲ ಕಾರಣವೇ ಸಿಗಲ್ಲ. ಬಸುರೀಲಿ ಇಂಥ ರಾಸಾಯನಿಕ ಮೈಗೆ ಹೆಚ್ಚು ಸೇರಿದ್ರೆ ಇಂಥ ತೊಂದರೆ ಹೆಚ್ಚಬಹುದು ಅಂತ ಕೆಲವು ಅಧ್ಯಯನ ಹೇಳ್ತಾವೆ. ಅದಕ್ಕೇ ಹುಷಾರಾಗಿರೋದು. ಆದ್ರೆ ಒಂದಂತೂ ಖಂಡಿತ. ಅದು ಕತ್ತರಿಯಿಂದ ಆಗಿದ್ದಲ್ಲ. ನಿಮ್ಮ ಸೊಸೆ ತಪ್ಪಲ್ಲ. ಸೂಪು ಕೊಟ್ಟ ನಿಮ್ಮ ತಪ್ಪೂ ಅಲ್ಲ."

ವಾನ್‌ರು ಅಲ್ಲೇ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಲಾನ್‌ಯಿಂಗಳಿಗೆ 'ತಪ್ಪಾಯ್ತು' ಎಂದು ಹೇಳಿ ಅಭ್ಯಾಸವಿಲ್ಲ. ಸೊಸೆಯ ಕೈಯಿಂದ ಕವರು ಕಿತ್ತುಕೊಂಡಳು. ಪಿಂಗಾಣಿ ಬಟ್ಟಲಿಗೆ ಹೊಸ ಸೂಪು ಬಡಿಸಿ, ಮೇಲೆ ಎರಡು ಮೀನುಂಡೆ ಹೆಚ್ಚಿಗೆ ಹಾಕಿ ಮುಂದಿಟ್ಟಳು.

"ಅಳ್ಬೇಡ. ಸೂಪಿಗೆ ಉಪ್ಪು ಜಾಸ್ತಿಯಾಗುತ್ತೆ," ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಹಬೆ ಎಂದು ಸಾಧಿಸಿದಳು.

"ಇಷ್ಟು ದಿನ ಕುಡಿದಿದ್ದು?" ಎಂದು ವಾನ್‌ರು ಮೆಲ್ಲಗೆ ಕೇಳಿದಳು.

"ಹೆದರಬೇಡ," ಎಂದಳು ನರ್ಸಮ್ಮ. "ಇವುಗಳಲ್ಲಿ ಹೆಚ್ಚಿನವು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಟುಹೋಗ್ತಾವೆ. ಮತ್ತೆ ಮತ್ತೆ ಒಳಗೆ ಹಾಕ್ಕೋಬಾರದು, ಅಷ್ಟೇ. ಇವತ್ತಿಂದ ನಿಲ್ಲಿಸಿದ್ರೆ ಇವತ್ತಿಂದಲೇ ಲಾಭ."

ಅಂದು ಮಧ್ಯಾಹ್ನ ಲಾನ್‌ಯಿಂಗ್ ಮನೆಯಲ್ಲಿ ದಂಡಯಾತ್ರೆ ಹೊರಟಳು. ಮೈಕ್ರೋವೇವಿನಲ್ಲಿಡುತ್ತಿದ್ದ ಪ್ಲಾಸ್ಟಿಕ್ ಡಬ್ಬಿಗಳು ಹೊರಬಿದ್ದವು. ಕೆಲವು ಸುಗಂಧದ ವಸ್ತುಗಳಲ್ಲೂ ಇಂಥ ರಾಸಾಯನಿಕ ಇರುತ್ತದೆಂದು ನರ್ಸಮ್ಮ ಹೇಳಿದ್ದೇ ತಡ, ಝಿಹೊಂಗನ ಸೆಂಟಿನ ಬಾಟಲಿಯೂ ಬಾಗಿಲು ದಾಟಿತು.

"ಅಮ್ಮಾ, ಅದು ನಂದು! ಬಸುರಿ ನಾನಾ?"

"ಅವಳ ಪಕ್ಕ ಮಲಗೋನು ನೀನೇ ತಾನೇ? ಸೋಪು ಹಾಕಿ ಸ್ನಾನ ಮಾಡು, ಸಾಕು."

"ಸರಿ, ಗಡಿಯಾರನಾದ್ರೂ ಗೋಡೆಗೆ ಹಾಕ್ಲಾ?"

"ಮೊಳೆ ಮುಟ್ಟಿದ್ಯೋ, ಕೈ ಮುರೀತೀನಿ!"

ಮರುದಿನ ಅಂಗಡಿಯ ಮುಂದೆ ಬೋರ್ಡು ತೂಗಿತು: 'ಪಾತ್ರೆ ತಂದವರಿಗೆ ಒಂದು ಮೀನುಂಡೆ ಹೆಚ್ಚು.' ಜನ ಕೈಗೆ ಸಿಕ್ಕಿದ್ದನ್ನು ತಂದರು. ಒಬ್ಬಳು ಅನ್ನದ ಕುಕ್ಕರಿನ ಒಳಪಾತ್ರೆ ತಂದಳು, ಒಬ್ಬ ಚಹಾದ ಕೆಟಲ್ ತಂದ. ಗುವೊ ಮಾಮ ಮಾತ್ರ ಚೆಂಡುರುಳಿಸುವ ಬೌಲಿಂಗ್ ಆಟದಲ್ಲಿ ಗೆದ್ದ ಚಿನ್ನದ ಬಣ್ಣದ ಕಪ್ಪನ್ನೇ ಎತ್ತಿಕೊಂಡು ಬಂದರು.

"ಎರಡು ಹಿಡಿ ಇದೆ. ಹಾಕಮ್ಮಾ."

"ಅದರ ಬಣ್ಣ ಎಂಥದ್ದು ಅಂತ ಗೊತ್ತಾ ನಿಮಗೆ? ಹಾರ್ಮೋನು ಅಂದ್ರೆ ಮೇಸ್ತ್ರಿ ಇದ್ದ ಹಾಗೆ!"

"ನನಗೆ ಎಪ್ಪತ್ತೆರಡು ಕಣಮ್ಮಾ. ನನ್ನೊಳಗೆ ಇನ್ನೇನು ಕಟ್ಟೋದಿದೆ?"

"ಮನೇಲಿ ಮೊಮ್ಮಗಳು ಇಲ್ವಾ? ಅವಳೂ ಇದನ್ನೇ ಕುಡೀತಾಳಲ್ವಾ? ಹೋಗಿ ಸ್ಟೀಲ್ ಡಬ್ಬಿ ತನ್ನಿ!"

ಗುವೊ ಮಾಮ ಬೈದುಕೊಳ್ಳುತ್ತಾ ಹೋದರು. ಹತ್ತು ನಿಮಿಷದಲ್ಲಿ ಮೂರಂತಸ್ತಿನ ಸ್ಟೀಲ್ ಕ್ಯಾರಿಯರ್ ಹಿಡಿದು ಬಂದರು; ಅಂತಸ್ತಿಗೊಂದರಂತೆ ಮೂರು ಮೀನುಂಡೆಗೆ ಜಗಳ ತೆಗೆದರು.

ಮಳೆಗಾಲ ಶುರುವಾಗುವ ಮುನ್ನ ವಾನ್‌ರುವಿಗೆ ಹೆಣ್ಣು ಮಗು ಹುಟ್ಟಿತು. ಮೂರು ಕಿಲೋ, ಬಾಯಿ ಅಜ್ಜಿಯದೇ. ಕವರು ಬಿಟ್ಟದ್ದರಿಂದಲೇ ಆರೋಗ್ಯವಾಗಿದೆಯೆಂದು ನಾನು ಹೇಳುವುದಿಲ್ಲ. ಹೇಳಿದರೆ ಶಾವೊ ನರ್ಸಮ್ಮ ಬಿಡುವುದಿಲ್ಲ. ಆದರೆ ಈ ಸಲ ಆ ಮನೆಯಲ್ಲಿ ಯಾರೂ ಯಾರನ್ನೂ ದೂರಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಹೋಟೆಲಿನಲ್ಲೂ ಸುಡುಸುಡು ಸಾಂಬಾರು, ಕಾಫಿ ಕವರಿಗೇ ಬೀಳುತ್ತಿರಬಹುದು. ಬಿಸಿ ಊಟವನ್ನು ಪ್ಲಾಸ್ಟಿಕ್ಕಿಗೆ ಸುರಿಯಬೇಡಿ, ಪ್ಲಾಸ್ಟಿಕ್ಕಿನಲ್ಲಿಟ್ಟು ಬಿಸಿ ಮಾಡಬೇಡಿ. ಸಂಶಯ ಬಂದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯಲ್ಲಿ ಬಸುರಿ ಇದ್ದರೆ ಅವಳಿಗೆ ಬುದ್ಧಿ ಹೇಳುವುದಕ್ಕೆ ಮೊದಲು, ಎದ್ದು ಒಂದು ಸ್ಟೀಲ್ ಡಬ್ಬಿ ತೊಳೆದಿಡಿ.