ಕರಡಿ ತಾತನ ಕೊನೆಯ ಬಾಗಿಲು

ಕರಡಿ ತಾತನ ಪುಸ್ತಕ ಓದದೆ ಬೆಳೆದ ಮಗು ಆ ಊರಲ್ಲಿರಲಿಲ್ಲ. ಕರಡಿಯ ಕಥೆಯೂ ಅವನದೇ, ಚಿತ್ರವೂ ಅವನದೇ. ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಕರಡಿ ಮನೆ ಸೇರಬೇಕು, ಎಲ್ಲ ಮುಗಿದ ಮೇಲೆ ತಾತ ಮುಚ್ಚಿದ ಬಾಗಿಲು ಬರೆಯಬೇಕು. ಅದನ್ನು ಬರೆಯದೆ ಊಟಕ್ಕೂ ಏಳುತ್ತಿರಲಿಲ್ಲ. "ತೆರೆದಿಟ್ಟು ಎದ್ರೆ ಯಾರು ಬರ್ತಾರೋ, ಯಾರು ಹೋಗ್ತಾರೋ" ಎನ್ನುತ್ತಿದ್ದ. ಮುದುಕನ ಹುಚ್ಚು ಎಂದು ಮಗಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಈ ಸಲ ಬಾಗಿಲು ಬರೆಯುವ ಮೊದಲೇ ಅವನ ತಲೆ ಮೇಜಿನ ಮೇಲೆ ವಾಲಿತ್ತು.

ಮಣ್ಣು ಮಾಡಿ ಸ್ವಲ್ಪ ದಿನವಾದ ಮೇಲೆ ಚಿತ್ರ ಒಯ್ಯಲು ಪ್ರೆಸ್ಸಿನವನು ಬಂದ. ಕೊನೆಯ ಹಾಳೆ ನೋಡಿ ತಲೆ ಕೆರೆದುಕೊಂಡ.

"ಅಕ್ಕಾ, ಇದ್ರಲ್ಲಿ ಕರಡೀನೇ ಇಲ್ವಲ್ಲ?"

"ಕಣ್ಣಿಗೇನಾಗಿದೆಯೋ ನಿಂಗೆ? ಒಲೆ ಪಕ್ಕ ಕುರ್ಚೀಲಿ ಕೂತಿದೆ ನೋಡು."

ಅವಳೂ ಬಗ್ಗಿ ನೋಡಿದಳು. ಕುರ್ಚಿ ಖಾಲಿ. ಅಲ್ಲಿಂದ ಹೊಸ್ತಿಲವರೆಗೆ ಶಾಯಿಯ ಹೆಜ್ಜೆಗಳು. ಹಾಳೆ ಮುಗಿದ ಮೇಲೂ ಮೇಜಿನ ಮರದ ಮೇಲೆ ಹೆಜ್ಜೆಗಳು. ಮುಟ್ಟಿದರೆ ಬೆರಳಿಗೆ ಹಸಿ ಶಾಯಿ ಹತ್ತಿತು.

"ಬೆಕ್ಕು ತುಳಿದಿರ್ಬೇಕು ಬಿಡಿ."

"ಈ ಮನೇಲಿ ಬೆಕ್ಕಿಲ್ಲ ಕಣಯ್ಯ."

"ಹಾಗಾದ್ರೆ ಕರಡಿ ಸಾಕಿದ್ದೀರಾ?"

ಅವನ ನಗು ಅರ್ಧಕ್ಕೇ ನಿಂತಿತು. ತಾತನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು, ಭಾರದ ಮೈ ಮಗ್ಗುಲು ಬದಲಿಸಿದ ಹಾಗೆ.

"ಬಾಗ್ಲು ಬರೆದುಬಿಡಿ ಅಕ್ಕ" ಎಂದ, ದನಿ ತಗ್ಗಿಸಿ. "ಮಕ್ಕಳಿರೋ ಮನೆಮನೆಗೂ ಹೋಗೋ ಪುಸ್ತಕ."

ಅಪ್ಪನ ಲೇಖನಿ ಅದ್ದಿ ಬಗ್ಗಿದವಳ ಕೈ ಅಲ್ಲೇ ನಿಂತಿತು. ಚಿತ್ರದ ಕುರ್ಚಿ ಈಗ ಖಾಲಿಯಿರಲಿಲ್ಲ. ಬೆನ್ನು ಮಾಡಿ ಕೂತಿದ್ದ ಬೋಳುತಲೆ, ಹೆಗಲ ಮೇಲೆ ಶಾಯಿ ಒರೆಸುವ ಬಟ್ಟೆ. ಬಾಗಿಲು ಬರೆದರೆ ಅಪ್ಪ ಒಳಗೇ ಉಳಿದ. ಬರೆಯದಿದ್ದರೆ ಎದ್ದು ಬಂದರೂ ಬಂದಾನು. ಆದರೆ ಅಚ್ಚಾದ ಒಂದೊಂದು ಪ್ರತಿಯಲ್ಲೂ ಆ ಬಾಗಿಲು ತೆರೆದೇ ಇರುತ್ತದೆ, ಒಂದೊಂದು ಮಗುವಿನ ತಲೆದಿಂಬಿನ ಪಕ್ಕ.

"ಅಪ್ಪಾ, ಬರೋದಿದ್ರೆ ಈಗ್ಲೇ ಬಾ" ಎಂದು ಗದರಿದಳು.

ಬೋಳುತಲೆ ತಿರುಗಲಿಲ್ಲ. ಚಿಕ್ಕಂದಿನಲ್ಲಿ ಕೆಲಸದ ನಡುವೆ ಅವಳು ಇಣುಕಿದಾಗ ಬೀಸುತ್ತಿದ್ದ ಹಾಗೆಯೇ ಒಂದು ಕೈ ಮೇಲೆದ್ದು ಬೀಸಿತು: ಬಾಗಿಲು ಹಾಕ್ಕೊಂಡು ಹೋಗು.

ಬರೆದಳು. ಕೊನೆಯ ಗೆರೆ ಕೂಡುತ್ತಿದ್ದಂತೆ ಹಾಳೆಯೊಳಗೆ ಚಿಲಕ ಬಿದ್ದ ಸದ್ದು.

ಪ್ರೆಸ್ಸಿನವನು ಹಾಳೆ ಸುತ್ತಿಕೊಂಡು ಹಿಂದೆ ನೋಡದೆ ಹೋದ. ಕೋಣೆಯಲ್ಲಿ ಮಂಚ ಮತ್ತೆ ಕಿರುಗುಟ್ಟಿತು. ಮಗಳು ಮೂಗು ಒರೆಸಿಕೊಂಡು ಅಡುಗೆಮನೆಗೆ ನಡೆದಳು, ಅನ್ನಕ್ಕೆಂದು ಅಟ್ಟದಿಂದ ಎಂದಿಗಿಂತ ದೊಡ್ಡ ಪಾತ್ರೆ ಇಳಿಸಿದಳು.