ಸೊನ್ನೆ ಹಾಕಿದ ಕೊಳ

ಗಂಬೂಟಣ್ಣ ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ಒಳಗೆ ಎರಡು ಬೆರಳು ನೀರು, ನೀರಿನಲ್ಲಿ ಹಸಿರು ನೂಲಿನಂಥ ಒಂದು ಎಳೆ. ಬಿಸಿಲಿರಲಿ ಮಳೆಯಿರಲಿ ಮೊಣಕಾಲುದ್ದದ ಬೂಟಿನಲ್ಲೇ ಓಡಾಡುವ ಅವರಿಗೆ ನಮ್ಮ ಕಚೇರಿಯಲ್ಲಿ ಬೇರೆ ಹೆಸರಿಲ್ಲ. ಎಲ್ಲಿಂದಲೋ ಬಂದು ನಮ್ಮ ಕೊಳಗಳನ್ನು ತುಂಬುತ್ತಿರುವ ಈ ಕಳೆಯನ್ನು ನೀರಿಗಿಳಿದು ಹುಡುಕುವುದು ಅವರ ಕೆಲಸ. ಅವರು ತಂದ ದಾಖಲೆಯನ್ನು ಕಂಪ್ಯೂಟರಿಗೆ ಉಣಿಸಿ, ಕಳೆ ಇನ್ನೆಲ್ಲಿ ಇರಬಹುದು, ಎಲ್ಲಿಗೆ ಹಬ್ಬಬಹುದು ಎಂದು ನಕ್ಷೆ ಮಾಡುವುದು ನನ್ನ ಕೆಲಸ.

"ಉತ್ತರದ ಕೊನೇ ಕೊಳದ್ದು. ಅಲ್ಲಿ ಇರೋ ಸಾಧ್ಯತೆ ಎರಡೇ ಪರ್ಸೆಂಟ್ ಅಂದಿದ್ರಲ್ಲ ಮೇಡಂ, ಆ ಎರಡು ಪರ್ಸೆಂಟ್ ಇದೇ ನೋಡಿ," ಎಂದರು.

ನಗಲು ಹೋದೆ, ಆಕಳಿಕೆ ಬಂತು. ಆರು ವರ್ಷದ ಮಗಳಿಗೆ ನಾಲ್ಕು ದಿನದಿಂದ ಕೆಮ್ಮು; ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿರಲಿಲ್ಲ. ಗುರುವಾರ ನಕ್ಷೆ ನಿರ್ದೇಶಕರ ಕೈ ಸೇರಬೇಕಿತ್ತು. ಅದರಲ್ಲಿ ಕೆಂಪಾದ ಕೊಳಗಳಿಗೆ ಆರು ತಿಂಗಳು ನಿರ್ಬಂಧ. ಬಲೆ ಬೀಸುವಂತಿಲ್ಲ, ದೋಣಿ ಇಳಿಸುವಂತಿಲ್ಲ, ಒಂದು ಮೀನೂ ಹೊರಗೆ ಹೋಗುವಂತಿಲ್ಲ. ಕಳೆ ಕೀಳಲು ನಮ್ಮಲ್ಲಿರುವ ಒಂದೇ ಒಂದು ತಂಡವೂ ಕೆಂಪು ನೋಡಿಕೊಂಡೇ ಹೊರಡುತ್ತದೆ. ಬಿಳಿ ಇದ್ದ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ನನ್ನ ನಕ್ಷೆಯಲ್ಲಿ ಉತ್ತರದ ಕೊಳಗಳೆಲ್ಲ ಬಿಳಿಯಾಗಿದ್ದವು.

ನಮ್ಮ ಪದ್ಧತಿ ಸರಳ. ಹೋಗಿ ನೋಡಿದ ಕೊಳದಲ್ಲಿ ಕಳೆ ಸಿಕ್ಕರೆ ಒಂದು, ಸಿಗದಿದ್ದರೆ ಸೊನ್ನೆ. ಹೋಗದೇ ಇದ್ದರೆ ಆ ಜಾಗ ಖಾಲಿ. ನೀರಿನ ಬಿಸಿ, ಆಳ, ಹರಿವು ಇವನ್ನೆಲ್ಲ ಜೊತೆಗಿಟ್ಟರೆ ಕಂಪ್ಯೂಟರಿನ ಮಾದರಿ ತಾನೇ ಕಲಿತುಕೊಂಡು, ಯಾರೂ ಕಾಲಿಡದ ನೀರಿನ ಬಗ್ಗೆಯೂ ಅಂದಾಜು ಹೇಳುತ್ತದೆ. ಹೇಳಿಕೊಟ್ಟದ್ದನ್ನೆಲ್ಲ ನಂಬುವ ಕೂಸು ಅದು.

ಮಧ್ಯಾಹ್ನವಿಡೀ ಒಂದು ಸಲಕ್ಕೆ ಒಂದೊಂದೇ ಕೊಳದ ದಾಖಲೆಯನ್ನು ಬದಿಗಿಟ್ಟು ನಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದೆ. ಉತ್ತರದಲ್ಲಿ ದಾಖಲೆಯಿದ್ದದ್ದೇ ಐದು ಕೊಳಗಳಿಗೆ. ನಾಲ್ಕರಲ್ಲಿ ಯಾವುದನ್ನು ತೆಗೆದರೂ ನಕ್ಷೆ ಕದಲಲಿಲ್ಲ. ಐದನೆಯದನ್ನು ತೆಗೆದೆ. ಸುತ್ತಲಿನ ಹನ್ನೊಂದು ಕೊಳಗಳು ಒಟ್ಟಿಗೆ ಕೆಂಪಾದವು.

ಐದನೆಯದು ನನ್ನ ತಮ್ಮನ ಮೀನಿನ ಕೊಳ. ಆ ಸೊನ್ನೆ ಗಂಬೂಟಣ್ಣ ಹಾಕಿದ್ದಲ್ಲ, ನಾನು ಹಾಕಿದ್ದು. ರಸ್ತೆ ಅಗೆದಿದ್ದಾರೆ, ಅಷ್ಟು ದೂರ ನಡೆಯಲು ಮಂಡಿ ಕೇಳುತ್ತಿಲ್ಲ ಎಂದು ಅವರು ಫೋನ್ ಮಾಡಿದ್ದರು. ಅದು ನನ್ನ ತಮ್ಮನದೇ ಅಣ್ಣ, ನಾನೇ ವಿಚಾರಿಸುತ್ತೇನೆ, ನೀವು ವಾಪಸ್ ಬನ್ನಿ ಎಂದಿದ್ದೆ. ಫೋನಿನಲ್ಲಿ ಕೇಳಿದ್ದಕ್ಕೆ, ನೀರು ಕನ್ನಡಿಯ ಹಾಗಿದೆ ಎಂದಿದ್ದ ತಮ್ಮ. ಒಂದು ಕೈಯಲ್ಲಿ ಮಗಳ ಜಡೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸೊನ್ನೆ ಒತ್ತಿದ್ದೆ. ಕಣ್ಣಲ್ಲಿ ನೋಡದೆ ಸೊನ್ನೆ ಹಾಕಬೇಡಿ ಎಂದು ಹೊಸಬರಿಗೆ ಪಾಠ ಮಾಡುವವಳೂ ನಾನೇ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಮಗಳ ಅಪ್ಪನಿಗೆ ಬೆಳಗಿನ ಪಾಳಿ. ಅವಳನ್ನು ಬಿಡಲು ಜಾಗವಿಲ್ಲದೆ ಜೊತೆಗೇ ಕರೆದುಕೊಂಡು ಹೋದೆ. ಅಗೆದ ರಸ್ತೆಯಲ್ಲಿ ಅರ್ಧ ದೂರ ಅವಳು ನಡೆದಳು, ಉಳಿದರ್ಧ ನಾನು ಹೊತ್ತೆ.

ತಮ್ಮ ಎದೆಮಟ್ಟದ ನೀರಿನಲ್ಲಿ ನಿಂತು ಕಳೆ ಕೀಳುತ್ತಿದ್ದ. ದಡದಲ್ಲಿ ಟಾರ್ಪಾಲು ಮುಚ್ಚಿದ ರಾಶಿ, ಅದರ ಅಡಿಯಿಂದ ಕೊಳೆತ ವಾಸನೆ. ನನ್ನನ್ನು ಕಂಡು ಕೈಯಲ್ಲಿದ್ದದ್ದನ್ನು ನೀರಿನೊಳಗೆ ಅಡಗಿಸಿದ.

"ಬರ್ತೀನಿ ಅಂತ ಒಂದು ಮಾತು ಹೇಳೋದಲ್ವಾ ಅಕ್ಕ."

"ಹೇಳಿದ್ರೆ ಏನ್ಮಾಡ್ತಿದ್ದೆ? ಕನ್ನಡಿ ಒರೆಸಿ ಇಡ್ತಿದ್ಯಾ?"

ಮಗಳನ್ನು ಶೆಡ್ಡಿನ ನೆರಳಿನಲ್ಲಿ ಕೂರಿಸಿದೆ. ಅವನು ಮೇಲೆ ಬಂದ. ಬೆರಳ ಸಂದುಗಳೆಲ್ಲ ನೆಂದು ಬಿಳುಚಿ ಬಿರಿದಿದ್ದವು. ಕಳೆ ಬಂದು ಎರಡು ತಿಂಗಳಾಯಿತಂತೆ. ದಿನಾ ಬೆಳಗಾಗುತ್ತಲೇ ಅವನೂ ಅವನ ಹೆಂಡತಿಯೂ ಇಳಿದು ಕೀಳುತ್ತಾರಂತೆ, ಕಿತ್ತಷ್ಟೂ ಹೆಚ್ಚುತ್ತಿದೆಯಂತೆ. ಇದು ತುಂಡಾದಷ್ಟೂ ಚಿಗುರುವ ಜಾತಿ ಎಂದು ನಾನು ಅವನ ಮನೆಯಲ್ಲೇ ಕೂತು ಹೇಳಿದ್ದೆ, ಆಗ ತಲೆಯಾಡಿಸಿದ್ದ. ಕಳೆ ಇದ್ದರೆ ಕೊಳ ಮುಚ್ಚಿಸುತ್ತಾರೆ ಎಂದೂ ಹೇಳಿದ್ದೆ. ಅದೊಂದೇ ಅವನ ಕಿವಿಗೆ ಬಿದ್ದದ್ದು. ಮೀನು ಇನ್ನು ಮೂರು ವಾರಕ್ಕೆ ಹಿಡಿಯುವ ಗಾತ್ರಕ್ಕೆ ಬರುತ್ತದೆ, ಆಮೇಲೆ ತಾನೇ ಕಚೇರಿಗೆ ಬಂದು ಹೇಳುತ್ತಿದ್ದೆ ಎಂದ.

"ಮೂರೇ ವಾರ ಬಿಳಿ ಇರ್ಲಿ ಅಕ್ಕ. ನಿನ್ ಕೈಲೇ ಇದೆಯಲ್ಲ."

ಇನ್ನು ಹನ್ನೊಂದು ಕೊಳಗಳಿವೆ ಎಂದೆ. ಅವರವರ ಕೊಳ ಅವರವರು ನೋಡಿಕೊಳ್ಳುತ್ತಾರೆ ಎಂದ.

"ಹೇಗೋ ನೋಡ್ಕೋತಾರೆ? ನಿಮ್ಮಲ್ಲಿ ಇಲ್ಲ, ಆರಾಮಾಗಿರಿ ಅಂತ ಕಾಗದ ಕೊಡ್ತಿರೋಳು ನಾನು."

ಬೈಯಲು ಶಕ್ತಿಯಿರಲಿಲ್ಲ. ಬೋರಲು ಹಾಕಿದ ಮೀನಿನ ತೊಟ್ಟಿಯ ಮೇಲೆ ಕೂತೆ. ಹೂಂ ಅಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಅವನ ಮೀನು ದಡ ಸೇರುತ್ತಿತ್ತು, ನಾನು ಮನೆಗೆ ಹೋಗಿ ಮಲಗಬಹುದಿತ್ತು, ನನ್ನ ತಪ್ಪೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರು ವಾರವೆಂದರೆ ಎಷ್ಟು ತುಂಡು, ಎಷ್ಟು ಚಿಗುರು ಎಂಬ ಲೆಕ್ಕ ಮಾತ್ರ ಬೇಡವೆಂದರೂ ತಲೆಯಲ್ಲಿ ತಾನೇ ನಡೆಯುತ್ತಿತ್ತು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡೆ. ಅವನ ಎದುರಿಗೇ ಸೊನ್ನೆ ಅಳಿಸಿ ಒಂದು ಹಾಕಿದೆ. ಪಕ್ಕದಲ್ಲಿ, ಹಿಂದಿನ ದಾಖಲೆ ಸ್ಥಳ ನೋಡದೆ ನಾನು ಹಾಕಿದ್ದು ಎಂದು ಬರೆದೆ.

"ಒಡಹುಟ್ಟಿದವಳು ಮಾಡೋ ಕೆಲಸನಾ ಇದು," ಎಂದು ಅವನು ಬೆನ್ನು ತಿರುಗಿಸಿ ಶೆಡ್ಡಿನೊಳಕ್ಕೆ ಹೋದ.

ತೆರೆದ ಬಾಗಿಲಿನಿಂದ ಗೋಡೆಯ ಗೂಟಗಳು ಕಾಣುತ್ತಿದ್ದವು. ಚಿಕ್ಕ ಬಲೆ ಇತ್ತು, ದೊಡ್ಡದು ಇರಲಿಲ್ಲ. ಅಷ್ಟು ದೊಡ್ಡ ಬಲೆ ಆ ಕಡೆ ಇರುವುದು ಇವನೊಬ್ಬನಲ್ಲೇ. ಎಲ್ಲಿ ಹೋಯಿತೆಂದು ಕೇಳಿದೆ. ಕೊಟ್ಟಿದ್ದೀನಿ ಎಂದ. ಎಷ್ಟು ಜನಕ್ಕೆ ಎಂದೆ.

ಮುಖ ತೊಳೆದುಕೊಂಡು ಬಂದು ತೊಟ್ಟಿಯ ಇನ್ನೊಂದು ತುದಿಯಲ್ಲಿ ಕೂತ.

"ಆರು ಕಡೆ ಹೋಗಿದೆ ಅಕ್ಕ. ತೊಳೆದೇ ಕೊಡ್ತಿದ್ದೆ."

ಬಲೆಯ ಕಣ್ಣಲ್ಲಿ ಕಳೆಯ ಒಂದು ತುಂಡು ಉಳಿದರೂ ಸಾಕಿತ್ತು. ಒಂದೊಂದಾಗಿ ಹೇಳಿದ, ಬರೆದುಕೊಂಡೆ. ನಾಲ್ಕು ಇಲ್ಲಿಯವು. ಎರಡು ಹೊಳೆಯ ಆಚೆಯವು; ಅಲ್ಲಿನ ನೀರು ತಣ್ಣಗಿದೆ, ಕಳೆ ಬರುವುದೇ ಇಲ್ಲ ಎಂದು ಮಾದರಿ ಹೇಳುವ ಜಾಗ. ನೀರಿನ ಬಿಸಿ, ಆಳ ಎಲ್ಲ ಅದಕ್ಕೆ ಕೊಟ್ಟಿದ್ದೆ. ಯಾರ ಬಲೆ ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಕೊಟ್ಟಿರಲಿಲ್ಲ. ಆರೂ ಕೊಳಗಳ ಮುಂದೆ ಖಾಲಿ ಬಿಟ್ಟೆ. ಹೋಗಿ ನೋಡಬೇಕು, ಆರು ದಿನದ ಕೆಲಸ. ಗುರುವಾರಕ್ಕೆ ನಕ್ಷೆ ಆಗುವುದಿಲ್ಲ ಎಂದು ನಿರ್ದೇಶಕರಿಗೆ ಎರಡು ಸಾಲು ಕಳಿಸಿದೆ. ಈಗ ಬಲೆ ಯಾರಲ್ಲಿದೆಯೋ ಅವರ ನಂಬರ್ ಕೊಡು, ನಾನೇ ಮಾತಾಡುತ್ತೇನೆ ಎಂದೆ.

"ನೀನು ಮಾಡಿದ್ರೆ ಆಫೀಸಿನೋರು ಅಂತ ಫೋನೇ ಎತ್ತಲ್ಲ," ಎಂದು ತನ್ನ ಫೋನನ್ನೇ ಅಂಗಿಗೆ ಒರೆಸಿಕೊಂಡ. "ನಾನೇ ಹೇಳ್ತೀನಿ. ಬೈಸ್ಕೊಳ್ಳೋದಿದ್ರೆ ನಾನೇ ಬೈಸ್ಕೋಬೇಕು."

ಆ ಕಡೆ ಎತ್ತಿದರು. ಯೋಗಕ್ಷೇಮ ವಿಚಾರಿಸಿದ, ಹವೆಯ ಬಗ್ಗೆ ಏನೋ ಮಾತಾಡಿದ. ಆಮೇಲೆ ಮೆಲ್ಲಗೆ, ಬಲೆ ಇನ್ನೂ ನೀರಿಗೆ ಹಾಕಿಲ್ಲ ತಾನೇ ಎಂದು ಕೇಳಿದ.