ಐದನೆಯವಳು

ನಾಲ್ಕನೆಯ ಮುತ್ತೈದೆ ಉಡಿಗೆ ಅಕ್ಕಿ ಸುರಿದು ಎದ್ದಾಗ ಆರತಿಯ ಎಡಗಾಲು ಜೋಮು ಹಿಡಿದಿತ್ತು. ಮಣೆಯ ಮೇಲೆ ಕೂತು ಅರ್ಧ ತಾಸು. ಚಾಚಿದ ಸೆರಗಿನಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು. ಸೆರಗಿನ ಅಡಿಯಲ್ಲಿ ಗುಟ್ಟಾಗಿ ಫೋನು.

"ಐದನೇದವ್ರು ಯಾರ್ರಿ?" ಎಂದರು ಮದುವೆ ಗಂಡು ರಾಹುಲನ ತಾಯಿ ಗುರುಬಾಯಿ. ನಿಶ್ಚಯಕ್ಕೆಂದು ಬಬಲೇಶ್ವರದಿಂದ ಟಿಕೋಟಾಕ್ಕೆ ಎರಡು ಗಾಡಿ ತುಂಬ ಜನ ಕರೆತಂದಿದ್ದರು.

"ಓಣ್ಯಾಗ ಒಬ್ಬಾಕಿಗೆ ಹೇಳಿ ಕಳಿಸೇನ್ರಿ, ಈಗ ಬರ್ತಾಳ," ಎಂದಳು ಆರತಿಯ ಅವ್ವ ಕಸ್ತೂರಿ, ಅಡುಗೆಮನೆಯ ಕಡೆ ನೋಡಿಯೂ ನೋಡದ ಹಾಗೆ.

ಅಲ್ಲಿ ಕಸ್ತೂರಿಯ ತಂಗಿ ಸಕ್ರವ್ವ ಮಾದಲಿಗೆ ಬೆಲ್ಲ ಕಲೆಸುತ್ತಿದ್ದಳು. ವಿಜಯಪುರದಲ್ಲಿ ಗುರಣ್ಣನ ಜೊತೆ ಅವಳದು ಹದಿನಾರು ವರ್ಷದ ಸಂಸಾರ, ಕೊರಳಲ್ಲಿ ತಾಳಿಯೊಂದಿಲ್ಲ. ಕೇಳಿದವರಿಗೆ "ಪುರಸೊತ್ತ ಸಿಕ್ಕಿಲ್ರಿ" ಎಂದು ನಗುತ್ತಾಳೆ. ಎರಡು ವರ್ಷದ ಹಿಂದೆ ಅವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ತಿರುಚಿದ ಬಾಯಿಂದ ಅವನಾಡುವ ಮಾತು ಅವಳೊಬ್ಬಳಿಗೇ ತಿಳಿಯುತ್ತದೆ. ಕಾಲೇಜಿಗೆಂದು ಮೂರು ವರ್ಷ ಅವರ ಮನೆಯಲ್ಲೇ ಇದ್ದ ಆರತಿ, ಚಿಕ್ಕವ್ವ ಬೈಯುತ್ತ ಬೈಯುತ್ತಲೇ ಅವನ ಗಡ್ಡ ಹೆರೆಯುವುದನ್ನು ನೋಡಿದ್ದಳು. ತಾಳಿಯಿಲ್ಲದವಳು ಉಡಿ ತುಂಬುವಂತಿಲ್ಲ ಎಂದು ಅವ್ವ ಅಂದಾಗ, ಐದನೆಯವಳಾಗಿ ಚಿಕ್ಕವ್ವನೇ ತುಂಬಬೇಕು ಎಂದು ಆರತಿ ಹಟ ಹಿಡಿದಿದ್ದಳು. "ನಮ್ಮವ್ವಗ ನಾ ಹೇಳತೇನಿ ತಗೋ," ಎಂದಿದ್ದ ರಾಹುಲ.

ಈಗ ಎದುರಿನ ಕುರ್ಚಿಯಲ್ಲಿ ಹೊಸ ಅಂಗಿಯೊಳಗೆ ಸೆಟೆದು ಕೂತಿದ್ದ. ಆರತಿ ಸೆರಗಿನಡಿಯಿಂದಲೇ ಒತ್ತಿದಳು: "ಹೇಳಿದೇನು?"

ಅವನ ಜೇಬು ಗುಂಯ್ ಎಂದಿತು. ಉತ್ತರ ಬಂತು: "ಈಗ ಬ್ಯಾಡ. ಮದುವಿ ಆದಮ್ಯಾಲ ನೋಡೂಣು." ಜೊತೆಗೊಂದು ಕೆಂಪು ಹೃದಯ.

ಅಂಥ ಹೃದಯ ದಿನಕ್ಕೆ ನೂರು ಕಳಿಸುತ್ತಿದ್ದ ಪುಣ್ಯಾತ್ಮ. ಸಾಯೂತನಕ ಕೈ ಬಿಡಂಗಿಲ್ಲ ಅಂತಲೂ ಕಳಿಸುತ್ತಿದ್ದ. ಆರತಿ ತಲೆಯೆತ್ತಿದಳು. ಅವನು ಫ್ಯಾನು ನೋಡುತ್ತಿದ್ದ.

ಬಾಗಿಲಲ್ಲಿ ಚಪ್ಪಲಿ ಸದ್ದು. "ಬಂದ್ಲ ನೋಡ್ರಿ!" ಎಂದರು ಯಾರೋ.

ಆರತಿ ಎದ್ದು ನಿಂತಳು.

"ಏಯ್, ಉಡಿ ಪೂರಾ ಆಗೂತನಕ ಏಳಬಾರ್ದ ಬೇ!" ಕಸ್ತೂರಿ ಕೂಗಿದಳು.

"ಪೂರಾ ಮಾಡಿಸ್ಕೊಂಡ ಬರ್ತೇನಿ."

ಫೋನು ಮಣೆಯ ಮೇಲೆ ಬಿತ್ತು. ಜೋಮು ಹಿಡಿದ ಕಾಲೆಳೆಯುತ್ತ ನಡೆದಳು. ಸೆರಗಿನ ಒಂದು ಮೂಲೆ ಜಾರಿ, ದಾರಿಯುದ್ದಕ್ಕೂ ಅಕ್ಕಿ ಸೋರಿತು. ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕುಕ್ಕರಿಸಿದಳು.

"ತುಂಬ ಬೇ, ಚಿಕ್ಕವ್ವ."

"ತಲಿಗಿಲಿ ಕೆಟ್ಟೈತೇನ? ಬೀಗ್ರ ಎದ್ದ ಹೊಂಟ್ರ ನನ್ನ ಮ್ಯಾಲ ಬರ್ತೈತಿ. ಹೋಗ ಹೊರಗ!"

"ಹೊಂಟ್ರ ಹೋಗ್ಲಿ ಬಿಡ."

ಸಕ್ರವ್ವ ಹುಡುಗಿಯ ಮುಖವನ್ನೇ ನೋಡಿದಳು. ಬೆಲ್ಲದ ಕೈಯನ್ನು ಸೀರೆಗೆ ಒರೆಸಿದಳು. ಡಬ್ಬಿಯಿಂದ ಬೊಗಸೆ ಅಕ್ಕಿ ತೆಗೆದವಳು ಹಾಗೇ ನಿಂತಳು.

"ಎಷ್ಟ ಸರ್ತಿ ಹಾಕಬೇಕ? ನನಗ್ಯಾರ ತುಂಬ್ಯಾರ, ಗೊತ್ತಿರಾಕ?" ಎಂದು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

ಹಿತ್ತಲ ಬಾಗಿಲ ಬಳಿಯ ಕುರ್ಚಿಯಿಂದ ಗುರಣ್ಣ ಏನೋ ತೊದಲಿದ.

"ಐದ ಅಂತ," ಎಂದಳು ಸಕ್ರವ್ವ. "ಎಲ್ಲಾ ಗೊತ್ತೈತಿ ಮುದುಕಗ."

ಒಂದು ಬೊಗಸೆ ಬಿತ್ತು. ಎರಡು. ಮೂರನೆಯದಕ್ಕೆ ಹೊಸ್ತಿಲಾಚೆ ನೆರಳಾಯಿತು. ರಾಹುಲ.

"ಲೇ ರಾಹುಲಾ, ಬಾ ಇಲ್ಲೆ! ಹೊರಡೂಣು!" ಗುರುಬಾಯಿಯ ದನಿ ಪಡಸಾಲೆಯಿಂದ ಬಂತು.

ಅವನು ತಿರುಗಲಿಲ್ಲ. ಒಳಗೆ ಬರಲೆಂದು ಕಾಲೆತ್ತಿದ, ಕೆಳಗೆಲ್ಲ ಅಕ್ಕಿ. ಊರಲು ಜಾಗ ಕಾಣದೆ ಕಾಲು ಹಿಂದಕ್ಕೆಳೆದುಕೊಂಡ. ಆಮೇಲೆ ಇಸ್ತ್ರಿಯ ಪ್ಯಾಂಟು ಮೊಣಕಾಲಿಗೆ ಎಳೆದುಕೊಂಡು, ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಳು ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದ.